ಹೆಜ್ಜಾರ್ಲೆ ಕೂರುವ ಹುಣಸೆಮರಕ್ಕೆ ಸರಿಯಾದ ಬೆಲೆ ಕೊಡಿಸಿ

ಮಂಡ್ಯ ಜಿಲ್ಲಾ ಉಸ್ತುವಾರಿ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಚಿವರೇ, ನಮಸ್ಕಾರ.

ನಮ್ಮ ಜಿಲ್ಲೆಯಲ್ಲಿ ಹಕ್ಕಿ ನೋಡಲು ಹೊರಟವರು ಮೊದಲು ಹೋಗುವುದು ರಂಗನತಿಟ್ಟಿಗೆ. 1940ರಲ್ಲೇ ಅದು ಪಕ್ಷಿಧಾಮವಾಯಿತು, 2022ರಲ್ಲಿ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೂ ಸೇರಿತು. ಬಹಳ ಸಂತೋಷ. ಅಲ್ಲಿನ ಹಕ್ಕಿಗಳಿಗೆ ಕಾವೇರಿಯ ನಡುಗಡ್ಡೆಗಳಿವೆ, ಕಾವಲಿಗೆ ಸಿಬ್ಬಂದಿ ಇದ್ದಾರೆ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹಕ್ಕಿಗಳನ್ನು ಕಾಯುತ್ತಿರುವವರು ಊರಿನ ಜನ. ಅವರ ಪರವಾಗಿ ಈ ಪತ್ರ.

ಜನವರಿಯಲ್ಲೋ ಫೆಬ್ರವರಿಯಲ್ಲೋ ಒಂದು ಬೆಳಿಗ್ಗೆ ಅಲ್ಲಿಗೆ ಬನ್ನಿ. ಬೀದಿಯಲ್ಲಿ ನಿಂತು ತಲೆ ಎತ್ತಿದರೆ ಸಾಕು. ಹೆಜ್ಜಾರ್ಲೆ (ಪೆಲಿಕನ್ ಹಕ್ಕಿ) ಬಂದು ಕೂತ ಭಾರಕ್ಕೆ ಹುಣಸೆ ಕೊಂಬೆ ಜಗ್ಗುತ್ತದೆ. ಮರಿ ಅದರ ಗಂಟಲ ಚೀಲದೊಳಗೆ ತಲೆ ಪೂರ್ತಿ ತೂರಿಸಿ ಮೀನು ತಿನ್ನುತ್ತದೆ. ಪಕ್ಕದ ಮರದಲ್ಲಿ ಬಣ್ಣದ ಕೊಕ್ಕರೆಗಳ ಸಂಸಾರ. ಅಂಗಳಕ್ಕೆಲ್ಲ ಹಿಕ್ಕೆ, ಹಸಿ ಮೀನಿನ ವಾಸನೆ. ಊರವರು ಬೇಜಾರು ಮಾಡಿಕೊಳ್ಳುವುದಿಲ್ಲ. ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು ಇವು ಅಂತಾರೆ. ಹಿಂದೆ ಪ್ಲೇಗ್ ಬಂದು ಊರು ಶಿಂಷಾ ನದಿಯ ದಡದಿಂದ ಈಚೆ ಬಂದಾಗ ಹಕ್ಕಿಗಳೂ ಜೊತೆಯಲ್ಲೇ ಬಂದವು ಅಂತ ಹಿರಿಯರು ಹೇಳುತ್ತಾರೆ.

ಆದರೆ ಹುಣಸೆಹಣ್ಣು ಬಡಿಯುವ ಕಾಲವೂ ಅದೇ. ಗೂಡಿರುವ ಮರಕ್ಕೆ ಕೋಲು ಹಾಕುವಂತಿಲ್ಲ. ಹಣ್ಣು ಮರದಲ್ಲೇ ಹಾಳಾಗುತ್ತದೆ, ಇಲ್ಲವೇ ಹಿಕ್ಕೆ ಬಿದ್ದು ಕೆಡುತ್ತದೆ. ಒಂದೆರಡು ಮರ ಇಟ್ಟುಕೊಂಡ ಬಡವರಿಗೆ ಅದು ಒಂದು ವರ್ಷದ ಕೈಗಾಸು. ಹೌದು, ಇಂಥ ಮರಗಳಿಗೆ ಅರಣ್ಯ ಇಲಾಖೆಯಿಂದ ಪರಿಹಾರ ಕೊಡುವ ಪದ್ಧತಿ ಇದೆ. ನನ್ನ ಕೋರಿಕೆ ಇಷ್ಟೇ. ಆ ಮೊತ್ತವನ್ನು ಪ್ರತಿ ವರ್ಷ ಮಾರುಕಟ್ಟೆಯ ಹುಣಸೆ ಬೆಲೆ ನೋಡಿ ನಿಗದಿ ಮಾಡಿಸಿ. ಸುಗ್ಗಿ ಮುಗಿಯುವುದರೊಳಗೆ ಮರದ ಮಾಲೀಕರ ಕೈಗೆ ಸೇರಿಸಿ.

2007ರಲ್ಲಿ ಈ ಊರು ಸಮುದಾಯ ಮೀಸಲು ಪ್ರದೇಶವಾಯಿತು, ಅಂದರೆ ಊರವರೂ ಸೇರಿ ಕಾಪಾಡುವ ಜಾಗ. ಹಾಗಂತ ಮರ ಸರ್ಕಾರದ್ದಾಗಲಿಲ್ಲ. ಮಗಳ ಮದುವೆಗೋ ಮನೆ ಕಟ್ಟಲೋ ದುಡ್ಡು ಬೇಕಾದಾಗ ಮರ ಉಳಿಸಿಕೊಳ್ಳುವುದು ಎಷ್ಟು ಕಷ್ಟ ಅಂತ ತಮಗೆ ಗೊತ್ತೇ ಇದೆ. ಹುಣಸೆ ಸಸಿ ಗೂಡು ಹೊರುವಷ್ಟು ಬಲಿಯಲು ವರ್ಷಗಟ್ಟಲೆ ಬೇಕು, ಅಲ್ವಾ? ಹಾಗಾಗಿ ಹೊಸ ಸಸಿ ನೆಡುವವರಿಗೂ ಏನಾದರೂ ಸಹಾಯ ಸಿಗಲಿ.

ಇನ್ನೊಂದು ಮಾತು, ಕೆರೆಗಳದ್ದು. 2017-18ರಲ್ಲಿ ಇಲ್ಲಿ ಹೆಜ್ಜಾರ್ಲೆಗಳು ಒಂದರ ಹಿಂದೆ ಒಂದು ಸತ್ತವು. ಹೊಟ್ಟೆಯಲ್ಲಿ ಜಂತುಹುಳು ಸಿಕ್ಕಿತು. ಇವು ಮೀನು ಹಿಡಿಯುವುದು ಸುತ್ತಲಿನ ಕೆರೆಗಳಲ್ಲಿ. ಆ ನೀರನ್ನು ಹಕ್ಕಿ ಬರುವ ಮೊದಲೇ ಪರೀಕ್ಷೆ ಮಾಡಿಸಿ. ಗೂಡಿನಿಂದ ಬಿದ್ದ ಮರಿಗಳನ್ನು ಊರಿನವರದೇ ಗುಂಪಾದ ಹೆಜ್ಜಾರ್ಲೆ ಬಳಗದ ಹುಡುಗರು ಎತ್ತಿ, ಮೀನು ಕೊಟ್ಟು ಸಾಕುತ್ತಾ ಬಂದಿದ್ದಾರೆ. ಗೂಡಿನ ಕಾಲ ಮುಗಿಯುವವರೆಗೆ ಒಬ್ಬ ಪಶುವೈದ್ಯರು ಅವರ ಕೈಗೆ ಸಿಗುವಂತೆ ಮಾಡಿ.

ಹಕ್ಕಿಗಳು ಗೂಡಿಗೆ ಕೂರುವ ಮೊದಲು, ಮರದ ಮಾಲೀಕರನ್ನೂ ಅರಣ್ಯ ಅಧಿಕಾರಿಗಳನ್ನೂ ಬೆಳ್ಳೂರಿನಲ್ಲೇ ಕೂರಿಸಿ ಒಂದು ಸಭೆ ಮಾಡಿ. ದಿನ ಗೊತ್ತು ಮಾಡಿ ತಿಳಿಸಿದರೆ ನಾವೂ ಬರುತ್ತೇವೆ.

ಇಂತಿ,
ಮಂಡ್ಯದ ಒಬ್ಬ ಪಕ್ಷಿಪ್ರೇಮಿ