ಅಶ್ವಶಕ್ತಿಯ ಲೆಕ್ಕ ಸಾಕು, ವೈರು-ರಬ್ಬರಿನ ಮಾತೂ ಬರಲಿ

ಮಾನ್ಯ ಸಂಪಾದಕರೇ,

ಕಡಿಮೆ ಸಂಖ್ಯೆಯಲ್ಲಿ ತಯಾರಾದ ವಿದೇಶಿ ವೇಗದ ಕಾರುಗಳ ಬಗ್ಗೆ ಪತ್ರಿಕೆಗಳ ವಾಹನ ಪುಟಗಳಲ್ಲಿ ಬರುವ ಬರಹಗಳು ಹೆಚ್ಚುಕಡಿಮೆ ಒಂದೇ ಜಾಡು ಹಿಡಿಯುತ್ತವೆ. ಎಷ್ಟು ಅಶ್ವಶಕ್ತಿ, ಸೊನ್ನೆಯಿಂದ ನೂರಕ್ಕೆ ಎಷ್ಟು ಸೆಕೆಂಡು, ಒಟ್ಟು ಎಷ್ಟು ಕಾರು ಹೊರಬಂದವು, ಈಗ ಬೆಲೆ ಎಷ್ಟು ಏರಿದೆ ಎಂಬಲ್ಲಿಗೆ ಮುಗಿಯುತ್ತದೆ. ಇದನ್ನು ಓದಿ ಅಂಥ ಕಾರು ಕೊಂಡವರಿಗೆ ಮರುದಿನದಿಂದ ಬೇಕಾಗುವ ಮಾಹಿತಿ ಇದರಲ್ಲಿ ಒಂದಕ್ಷರವೂ ಇರುವುದಿಲ್ಲ. ಆ ಕೊರತೆಯನ್ನು ಸ್ವಲ್ಪವಾದರೂ ತುಂಬಲೆಂದು ಒಂದೇ ಕಾರನ್ನು ಹಿಡಿದುಕೊಂಡು ಬರೆಯುತ್ತಿದ್ದೇವೆ: ಮರ್ಸಿಡಿಸ್-ಬೆಂಜ್ 500ಇ.

1990ರ ಅಕ್ಟೋಬರ್‌ನಲ್ಲಿ ಪ್ಯಾರಿಸ್ ಮೋಟಾರು ಪ್ರದರ್ಶನದಲ್ಲಿ ಕಾಣಿಸಿಕೊಂಡು 1995ರಲ್ಲಿ ನಿಂತುಹೋದ ಈ ಕಾರು ಹೊರನೋಟಕ್ಕೆ ಆ ಕಾಲದ ಸಾಮಾನ್ಯ ಮರ್ಸಿಡಿಸ್ ಸೆಡಾನಿನಂತೆಯೇ (ಕಂಪನಿಯ ಸಂಕೇತದಲ್ಲಿ ಡಬ್ಲ್ಯು124) ಇದೆ. ಒಳಗಿರುವುದು 4,973 ಸಿ.ಸಿ.ಯ, 32 ವಾಲ್ವಿನ, ಎಂ119 ಎಂಬ ಸಂಕೇತದ ಎಂಟು ಸಿಲಿಂಡರಿನ ವಿ8 ಎಂಜಿನ್. ಮೊದಲ ಕಾರುಗಳಲ್ಲಿ 326 ಅಶ್ವಶಕ್ತಿ, ನಂತರದವುಗಳಲ್ಲಿ 320. ಅಗಲವಾದ ಮಡ್‌ಗಾರ್ಡ್‌ಗಳಿಂದಾಗಿ ಇದು ಮರ್ಸಿಡಿಸ್ಸಿನ ಸಿಂಡೆಲ್‌ಫಿಂಗೆನ್ ಕಾರ್ಖಾನೆಯ ಮಾಮೂಲಿ ಜೋಡಣೆ ಸಾಲಿಗೆ ಹೊಂದಲಿಲ್ಲ. ಹಾಗಾಗಿ ಬಾಡಿ ಕಟ್ಟುವ ಮತ್ತು ಕಾರು ಜೋಡಿಸುವ ಕೆಲಸ ಪೋರ್ಷೆಯ ಝುಫೆನ್‌ಹೌಸೆನ್ ಕಾರ್ಖಾನೆಗೆ ಹೋಯಿತು. ಬಾಡಿ ಅಲ್ಲಿ ತಯಾರಾಗಿ, ಬಣ್ಣಕ್ಕೆ ಸಿಂಡೆಲ್‌ಫಿಂಗೆನ್‌ಗೆ ಬಂದು, ಜೋಡಣೆಗೆ ಮತ್ತೆ ಝುಫೆನ್‌ಹೌಸೆನ್‌ಗೆ ಮರಳುತ್ತಿತ್ತು. ಒಂದು ಕಾರು ಮುಗಿಯಲು 18 ದಿನ. ಪೋರ್ಷೆ 959 ತಯಾರಾದ ಅದೇ ಕಟ್ಟಡ ಅದು; ಮುಂದೆ ಆಡಿ ಆರ್‌ಎಸ್2 ಕೂಡ ಅಲ್ಲೇ ತಯಾರಾಯಿತು. ಒಟ್ಟು 500ಇಗಳ ಸಂಖ್ಯೆ 10,479. ಎಲ್ಲವೂ ಎಡಗೈ ಸ್ಟೀರಿಂಗಿನವು. ಬಲಗೈ ಸ್ಟೀರಿಂಗಿನದು ಕಾರ್ಖಾನೆಯಿಂದ ಬಂದೇ ಇಲ್ಲ. ಬಲಗೈ ಸ್ಟೀರಿಂಗಿನ 500ಇ ಮಾರಾಟಕ್ಕಿದೆ ಎಂದು ಯಾರಾದರೂ ಹೇಳಿದರೆ ಅದು ಯಾವ ಕಾರಿನಿಂದ ಮಾರ್ಪಟ್ಟದ್ದು ಎಂದು ಮೊದಲು ಕೇಳಬೇಕು.

ನಕಲಿಯ ಮಾತು ಬಂದದ್ದರಿಂದ ಇನ್ನೊಂದು ಸಂಗತಿ. ಇದೇ ಸಾಲಿನ 400ಇಯಲ್ಲಿ ಇದೇ ವಂಶದ 4.2 ಲೀಟರ್ ಎಂಜಿನ್ ಇತ್ತು, ಆದರೆ ಬಾಡಿ ಸಾಮಾನ್ಯ ಅಗಲದ್ದು. ಅದಕ್ಕೆ ಅಗಲದ ಮಡ್‌ಗಾರ್ಡ್ ಕೂರಿಸಿ ಹಿಂದೆ 500ಇ ಎಂಬ ಅಕ್ಷರ ಅಂಟಿಸುವುದು ಕಷ್ಟದ ಕೆಲಸವೇನಲ್ಲ. ಸಂಖ್ಯೆಗಳು ಮಾತ್ರ ಸುಳ್ಳು ಹೇಳುವುದಿಲ್ಲ: ಯುರೋಪಿನ ಕಾರುಗಳ ಚಾಸಿ ನಂಬರಿನಲ್ಲಿ 500ಇಗೆ 124036, 400ಇಗೆ 124034 ಎಂದಿರುತ್ತದೆ, ಎಂಜಿನ್ ನಂಬರ್ ಕ್ರಮವಾಗಿ 119.974 ಮತ್ತು 119.975ರಿಂದ ಶುರುವಾಗುತ್ತದೆ. ಎರಡೂ ಕಡೆ ನೋಡಿ, ಎರಡೂ ತಾಳೆಯಾದರೆ ಮಾತ್ರ ಮುಂದಿನ ಮಾತು.

ಇನ್ನು ನಾವು ಒತ್ತಿ ಹೇಳಬೇಕಾದ ವಿಷಯ. ಈ ಕಾರಿನ ಎಂಜಿನ್ ಗಟ್ಟಿಮುಟ್ಟಾದದ್ದು. ಹೊತ್ತಿಗೆ ಸರಿಯಾಗಿ ಆಯಿಲ್ ಕಂಡಿದ್ದರೆ ಲಕ್ಷಗಟ್ಟಲೆ ಕಿಲೋಮೀಟರ್ ಓಡುತ್ತದೆ. ಇದನ್ನು ಮೂಲೆಗೆ ತಳ್ಳುವುದು ವಯಸ್ಸು. ಕಿರಿದಾದ ಜಾಗದಲ್ಲಿ ದೊಡ್ಡ ಎಂಜಿನ್ ತುರುಕಿರುವುದರಿಂದ ಬಾನೆಟ್ ಕೆಳಗೆ ಬಿಸಿ ವಿಪರೀತ. ಆ ಬಿಸಿಗೆ ಮೊದಲು ಬಲಿಯಾಗುವುದು ವೈರು, ರಬ್ಬರು, ಪ್ಲಾಸ್ಟಿಕ್. ಮೀಟರಿನಲ್ಲಿ ಕಡಿಮೆ ಕಿಲೋಮೀಟರ್ ತೋರಿಸುವ, ಬಹಳ ಕಾಲ ನಿಂತೇ ಇದ್ದ ಕಾರು ಹೆಚ್ಚು ಓಡಿದ ಕಾರಿಗಿಂತ ಹೆಚ್ಚು ಕೆಲಸ ಕೇಳುವುದು ಈ ವಯಸ್ಸಿನ ಕಾರಣಕ್ಕೇ.

ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಎಂಜಿನ್ ವೈರಿಂಗ್ ಹಾರ್ನೆಸ್, ಅಂದರೆ ಎಂಜಿನ್ನಿನ ವೈರುಗಳ ಕಟ್ಟು. 1990ರ ದಶಕದ ಮೊದಲರ್ಧದಲ್ಲಿ ಮರ್ಸಿಡಿಸ್ ಕಾರುಗಳಿಗೆ ಹಾಕಿದ ವೈರಿನ ಹೊದಿಕೆ ಬಿಸಿಗೆ ಒಣಗಿ ಪುಡಿಪುಡಿಯಾಗುವ ಜಾತಿಯದು. ಹೊರಗಿನ ಕಪ್ಪು ಕವಚ ಚೆನ್ನಾಗಿಯೇ ಕಾಣುತ್ತದೆ, ಒಳಗೆ ತಂತಿ ಬೆತ್ತಲೆಯಾಗಿರುತ್ತದೆ. ಪರೀಕ್ಷೆ ಹೀಗೆ: ಎಂಜಿನ್ ತಣ್ಣಗಿರುವಾಗ, ಬ್ಯಾಟರಿ ಸಂಪರ್ಕ ತೆಗೆದು (ಬ್ಯಾಟರಿ ಡಿಕ್ಕಿಯಲ್ಲಿದೆ), ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರಿನ ಕನೆಕ್ಟರ್ ಹತ್ತಿರ ಕವಚವನ್ನು ಸ್ವಲ್ಪವೇ ಹಿಂದೆ ಸರಿಸಿ ವೈರನ್ನು ನೋಡಿ. ಹೊದಿಕೆಯಲ್ಲಿ ಬಿರುಕು ಕಂಡರೆ ಅಥವಾ ಚೂರು ಉದುರಿದರೆ ಅಲ್ಲಿಗೇ ಕೈ ನಿಲ್ಲಿಸಿ. ಇನ್ನಷ್ಟು ಬಗ್ಗಿಸಿದರೆ ಇದ್ದ ಹೊದಿಕೆಯೂ ಹೋಗುತ್ತದೆ. ಟೇಪು ಸುತ್ತಿ ಓಡಿಸುವ ಯೋಚನೆ ಬೇಡವೇ ಬೇಡ. ಎರಡು ಬೆತ್ತಲೆ ತಂತಿ ತಾಗಿದರೆ ಸುಡುವುದು ವೈರಲ್ಲ, ಇಂಧನ ಮತ್ತು ಇಗ್ನಿಷನ್ ನಿಯಂತ್ರಿಸುವ ಮಾಡ್ಯೂಲು. ಹಾರ್ನೆಸ್ ಹೊಸದಾಗಿ ಮಾಡಿಸಬಹುದು. ಸುಟ್ಟ ಮಾಡ್ಯೂಲನ್ನು ಹುಡುಕಿಕೊಂಡು ಅಲೆಯಬೇಕು. ಹಾರ್ನೆಸ್ ಬದಲಿಸಿದೆ ಎಂದು ಮಾರುವವರು ಹೇಳಿದರೆ ಅದಕ್ಕೆ ಅಂಟಿಸಿರುವ ಚೀಟಿಯಲ್ಲಿ ತಯಾರಿಕೆಯ ತಾರೀಖು ನೋಡಿ. 1996ರ ನಂತರದ್ದಾದರೆ ಸುಧಾರಿತ ವೈರಿನದು. ಅದಕ್ಕಿಂತ ಹಿಂದಿನ ತಾರೀಖಿದ್ದರೆ, ಬದಲಿಸಿದ್ದೂ ಅದೇ ಕಾಯಿಲೆಯದು.

ಇದೇ ವೈರು ಥ್ರಾಟಲ್ (ಎಂಜಿನ್ನಿಗೆ ಹೋಗುವ ಗಾಳಿಯನ್ನು ನಿಯಂತ್ರಿಸುವ ಕವಾಟ) ತಿರುಗಿಸುವ ಆಕ್ಚುಯೇಟರಿನಲ್ಲೂ ಇದೆ. ಚಕ್ರ ಜಾರದಂತೆ ತಡೆಯುವ ಎಎಸ್‌ಆರ್ ವ್ಯವಸ್ಥೆಗಾಗಿ ಈ ಕಾರಿನಲ್ಲಿ ಥ್ರಾಟಲನ್ನು ವಿದ್ಯುತ್ ಮೋಟಾರು ತಿರುಗಿಸುತ್ತದೆ. ಅದರೊಳಗಿನ ವೈರು ಕೆಟ್ಟರೆ ಐಡಲ್ (ಕಾರು ನಿಂತಿರುವಾಗ ಎಂಜಿನ್ ತಿರುಗುವ ವೇಗ) ಏರಿಳಿಯುತ್ತದೆ, ಎಎಸ್‌ಆರ್ ದೀಪ ಹತ್ತುತ್ತದೆ, ಕೊನೆಗೆ ಕಾರು ಪಿಕಪ್ಪೇ ಇಲ್ಲದೆ ತೆವಳುತ್ತದೆ. ಆಕ್ಚುಯೇಟರ್ ಬಿಚ್ಚಿ ಹೊಸ ವೈರು ಹಾಕಿಸಿದರೆ ಸಾಕಾಗುತ್ತದೆ. ಮುಖ್ಯ ಹಾರ್ನೆಸ್ ಬದಲಿಸುವಾಗಲೇ ಇದನ್ನೂ ಮಾಡಿಸಿಕೊಳ್ಳುವುದು ಜಾಣತನ, ಎರಡಕ್ಕೂ ಬಿಚ್ಚುವ ಕೆಲಸ ಬಹುಪಾಲು ಒಂದೇ.

ಐಡಲ್ ಸರಿಯಿಲ್ಲವೆಂದ ಕೂಡಲೇ ಒಳಹೋಗುವ ಗಾಳಿ ಅಳೆಯುವ ಏರ್ ಮಾಸ್ ಮೀಟರ್ ಬದಲಿಸಿ ಎನ್ನುವ ಸಲಹೆ ಬಹಳ ಕೇಳಿಬರುತ್ತದೆ. ಅದು ದುಬಾರಿ ಭಾಗ, ಕೊನೆಯಲ್ಲಿ ಮುಟ್ಟಬೇಕಾದದ್ದು. ಮೊದಲು ವ್ಯಾಕ್ಯೂಮ್ ಪೈಪುಗಳನ್ನೂ ರಬ್ಬರ್ ಬೂಟುಗಳನ್ನೂ ಒಂದೊಂದಾಗಿ ನೋಡಿ. ಗಟ್ಟಿಯಾಗಿ ಸೀಳಿದ ರಬ್ಬರಿನಿಂದ ಒಳನುಗ್ಗುವ ಲೆಕ್ಕಕ್ಕೆ ಸಿಗದ ಗಾಳಿಯೇ ಎಷ್ಟೋ ಸಲ ಕಾರಣ. ಆಮೇಲೆ ಸಿಲಿಂಡರುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್. ಈ ಎಂಜಿನ್ನಿಗೆ ಎರಡು ಡಿಸ್ಟ್ರಿಬ್ಯೂಟರ್ ಕ್ಯಾಪ್, ಎರಡು ರೋಟರ್, ಅವುಗಳ ಹಿಂದೆ ಒಂದೊಂದು ಇನ್ಸುಲೇಟರ್ ತಟ್ಟೆ. ಮಳೆಗಾಲದ ಬೆಳಗ್ಗೆ ಎಂಜಿನ್ ಕೆಮ್ಮುತ್ತಾ ಹೊತ್ತಿಕೊಂಡು, ಬಿಸಿಯಾದ ಮೇಲೆ ಸರಿಹೋದರೆ ಈ ತಟ್ಟೆಗಳ ಸಂದಿನಲ್ಲಿ ತೇವ ಕೂತಿದೆ ಎಂದರ್ಥ. ಕ್ಯಾಪು, ರೋಟರ್ ಮಾತ್ರ ಬದಲಿಸಿ ತಟ್ಟೆಯನ್ನು ಹಳೆಯದೇ ಬಿಟ್ಟರೆ ತೊಂದರೆ ಮರಳಿ ಬರುತ್ತದೆ. ಸ್ಪಾರ್ಕ್ ಪ್ಲಗ್ ತಾಮ್ರದ, ರೆಸಿಸ್ಟರ್ ಇಲ್ಲದ ಜಾತಿಯದೇ ಆಗಬೇಕು, ಗ್ಯಾಪ್ 0.8 ಮಿ.ಮೀ. ಬೇಕಾದ ರೆಸಿಸ್ಟೆನ್ಸ್ ಪ್ಲಗ್ ವೈರಿನ ತುದಿಯಲ್ಲೇ ಇದೆ. ದುಬಾರಿ ಪ್ಲಗ್ ಹಾಕಿದರೆ ಕಿಡಿ ಸೊರಗುತ್ತದೆ.

ಎಂಜಿನ್ ಒಳಗೆ ಎರಡು ಪ್ಲಾಸ್ಟಿಕ್ ಭಾಗಗಳ ಮೇಲೆ ಕಣ್ಣಿಡಬೇಕು. ವಾಲ್ವ್ ಕವರಿನ ಕೆಳಗೆ ಕ್ಯಾಮ್‌ಶಾಫ್ಟ್‌ಗಳಿಗೆ ಆಯಿಲ್ ಒಯ್ಯುವ ಸಣ್ಣ ಕೊಳವೆಗಳಿವೆ. ಅವುಗಳ ಪ್ಲಾಸ್ಟಿಕ್ ಜೋಡಣೆ ವರ್ಷ ಕಳೆದಂತೆ ಸೀಳಿ ಆಯಿಲ್ ಅಲ್ಲೇ ಸೋರಿಹೋಗುತ್ತದೆ. ಟಿಕ್ ಟಿಕ್ ಸದ್ದು ಶುರುವಾಗುತ್ತದೆ, ಗಮನಿಸದಿದ್ದರೆ ಕ್ಯಾಮ್ ಸವೆಯುತ್ತದೆ. ವಾಲ್ವ್ ಕವರ್ ಗ್ಯಾಸ್ಕೆಟ್ ಹಾಕಲು ಹೇಗೂ ತೆರೆಯಬೇಕು, ಅದೇ ಸಲ ಕೊಳವೆಗಳ ಜೋಡಣೆಯನ್ನೂ ಇಡೀ ಸೆಟ್ ಬದಲಿಸಿ. ಎರಡನೆಯದು ಕ್ಯಾಮ್ ತಿರುಗಿಸುವ ಟೈಮಿಂಗ್ ಚೈನನ್ನು ದಾರಿಯಲ್ಲಿಡುವ ಮೇಲಿನ ಗೈಡ್‌ಗಳು. ಹೊಸದರಲ್ಲಿ ತಿಳಿಬಣ್ಣ, ಹಳೆಯದಾದಂತೆ ಕಂದು. ಗಾಢ ಕಂದಾಗಿದ್ದರೆ ಅವು ಗಾಜಿನಂತೆ ಮುರಿಯುವ ಹಂತದಲ್ಲಿವೆ. ಮುರಿದ ಚೂರು ಚೈನಿಗೆ ಸಿಕ್ಕಿಕೊಂಡರೆ ವಾಲ್ವು ಪಿಸ್ಟನ್ನಿಗೆ ಬಡಿದು ಇಡೀ ಎಂಜಿನ್ ಹೋಗುತ್ತದೆ. ಚೈನು ಗಟ್ಟಿಯಿದೆ ಎಂಬ ಧೈರ್ಯದಲ್ಲಿ ಗೈಡನ್ನು ಮರೆತವರೇ ಹೆಚ್ಚು. ಆಯಿಲ್, ಫಿಲ್ಟರ್ ಸೇರಿ 8 ಲೀಟರ್. ಕಡಿಮೆ ಓಡಿದರೂ ವರ್ಷಕ್ಕೊಮ್ಮೆ ಬದಲಿಸಲೇಬೇಕು.

ಗೇರ್‌ಬಾಕ್ಸ್ ನಾಲ್ಕು ಗೇರಿನ ಆಟೊಮ್ಯಾಟಿಕ್. ಮೆಲ್ಲಗೆ ಹೊರಟರೆ ಅದು ಎರಡನೇ ಗೇರಿನಲ್ಲೇ ಹೊರಡುತ್ತದೆ, ಪೆಡಲನ್ನು ಜೋರಾಗಿ ಒತ್ತಿದರೆ ಮಾತ್ರ ಮೊದಲನೆಯದು. ಮೊದಲ ಗೇರ್ ಕೆಟ್ಟಿದೆ ಎಂದು ಇದನ್ನು ಬಿಚ್ಚಿಸಲು ಹೊರಟವರಿದ್ದಾರೆ. ಅದರ ವಿನ್ಯಾಸವೇ ಹಾಗೆ. ಗೇರ್ ಬದಲಾಗುವಾಗ ಝಟಕಾ ಹೊಡೆದರೆ ಮೊದಲು ವ್ಯಾಕ್ಯೂಮ್ ಪೈಪು ಮತ್ತು ಅದಕ್ಕೆ ತಕ್ಕಂತೆ ಗೇರ್‌ಬಾಕ್ಸಿನ ಒತ್ತಡ ಹೊಂದಿಸುವ ಮಾಡ್ಯುಲೇಟರ್ ನೋಡಬೇಕು. ಎಟಿಎಫ್ (ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್) ಬದಲಿಸುವಾಗ ಟಾರ್ಕ್ ಕನ್ವರ್ಟರಿನ ಡ್ರೇನ್ ಪ್ಲಗ್ ಕೆಳಗೆ ಬರುವವರೆಗೆ ಎಂಜಿನ್ನನ್ನು ಕೈಯಿಂದ ತಿರುಗಿಸಿ ಅಲ್ಲಿಂದಲೂ ಇಳಿಸಿ. ಬರೀ ಪ್ಯಾನಿನಿಂದ ಇಳಿಸಿದರೆ ಹಳೆಯದರ ದೊಡ್ಡ ಪಾಲು ಒಳಗೇ ಉಳಿಯುತ್ತದೆ.

ಹಿಂದಿನ ಸಸ್ಪೆನ್ಷನ್ ಭಾರಕ್ಕೆ ತಕ್ಕಂತೆ ಎತ್ತರ ಕಾಯುವ ಹೈಡ್ರಾಲಿಕ್ ಬಗೆಯದು. ಇದರಲ್ಲಿ ನೈಟ್ರೋಜನ್ ತುಂಬಿದ ಎರಡು ಗುಂಡುಗಳಿವೆ. ವರ್ಷಗಳಲ್ಲಿ ಅನಿಲ ಇಳಿದುಹೋಗುತ್ತದೆ. ಆಗ ಹಿಂಭಾಗ ಕಲ್ಲಿನ ಹಾಗೆ ಗಟ್ಟಿಯಾಗಿ, ಸಣ್ಣ ಉಬ್ಬಿಗೂ ಎತ್ತಿ ಹಾಕುತ್ತದೆ. ಗುಂಡುಗಳನ್ನು ಜೋಡಿಯಾಗಿಯೇ ಬದಲಿಸಬೇಕು. ಬಾನೆಟ್ ಕೆಳಗಿನ ಡಬ್ಬಿಗೆ ಅದಕ್ಕೆಂದೇ ಇರುವ ಹೈಡ್ರಾಲಿಕ್ ಆಯಿಲ್ ಬಿಟ್ಟು ಬ್ರೇಕ್ ಆಯಿಲ್ ಸುರಿದರೆ ಸೀಲುಗಳೆಲ್ಲ ಊದಿ ಹಾಳಾಗುತ್ತವೆ. ಈ ತಾಪತ್ರಯವೇ ಬೇಡವೆಂದು ಹೈಡ್ರಾಲಿಕ್ ಕಿತ್ತು ಮಾಮೂಲಿ ಶಾಕ್ ಅಬ್ಸಾರ್ಬರ್ ಹಾಕಿಸುವುದುಂಟು. ಆದರೆ ಭಾರದ ಒಂದು ಪಾಲನ್ನು ಹೈಡ್ರಾಲಿಕ್ ಹೊರುವುದರಿಂದ ಅಲ್ಲಿನ ಸ್ಪ್ರಿಂಗ್ ಮೆದು. ಶಾಕ್ ಮಾತ್ರ ಬದಲಿಸಿದರೆ ಹಿಂಭಾಗ ಕುಸಿಯುತ್ತದೆ. ಮೂಲ ವ್ಯವಸ್ಥೆಯನ್ನೇ ಸರಿಮಾಡಿಸುವುದು ಒಳ್ಳೆಯದು ಎಂಬುದು ನಮ್ಮ ಖಚಿತ ಅಭಿಪ್ರಾಯ.

ಬ್ರೇಕಿನಲ್ಲಿ ಒಂದು ಎಚ್ಚರಿಕೆ ಸಾಕು: ಮೊದಲ ಕಾರುಗಳ ಮುಂದಿನ ಡಿಸ್ಕ್ 300 ಮಿ.ಮೀ., ನಂತರದವುಗಳದ್ದು 320. ತಯಾರಾದ ವರ್ಷ ಹೇಳಿ ತರಿಸಿದರೆ ತಪ್ಪು ಭಾಗ ಬರುತ್ತದೆ, ಚಾಸಿ ನಂಬರ್ ಕೊಟ್ಟೇ ತರಿಸಬೇಕು. ಟೈರು 225/55 ಝಡ್‌ಆರ್ 16. ಟೈರಿನ ಪಕ್ಕದಲ್ಲಿ ಅಚ್ಚಾದ ನಾಲ್ಕಂಕಿಯಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ. ಗಂಟೆಗೆ 250 ಕಿ.ಮೀ. ಮುಟ್ಟುವ ಕಾರಿಗೆ ಹತ್ತು ವರ್ಷದ ಹಳೆಯ ಟೈರು, ಗೀರು ಎಷ್ಟೇ ಆಳವಿರಲಿ, ಸಲ್ಲದು.

ಬಿಡಿಭಾಗಗಳ ವಿಷಯದಲ್ಲಿ ಮಾಲೀಕರು ಮೊದಲ ವಾರವೇ ಒಂದು ಪಟ್ಟಿ ಮಾಡಿಟ್ಟುಕೊಂಡರೆ ಮುಂದೆ ಎಷ್ಟೋ ಸಲೀಸು. ಬಾಗಿಲು, ಗಾಜು, ಬಾಗಿಲಿನ ರಬ್ಬರು, ಡ್ಯಾಶ್‌ಬೋರ್ಡಿನ ಎಷ್ಟೋ ಭಾಗ ಲಕ್ಷಾಂತರ ಸಂಖ್ಯೆಯಲ್ಲಿ ಬಂದ ಸಾಮಾನ್ಯ ಡಬ್ಲ್ಯು124ರದ್ದೇ. ಎಂಜಿನ್ನಿನ ಬಹಳಷ್ಟು ಭಾಗ ಆ ಕಾಲದ 500ಎಸ್‌ಎಲ್, ಎಸ್-ಕ್ಲಾಸ್ ಮತ್ತು 400ಇ ಜೊತೆ ಹಂಚಿಕೊಂಡದ್ದು. ಬ್ರೇಕು, ಸಸ್ಪೆನ್ಷನ್ನಿನ ಹಲವು ಭಾಗ 500ಎಸ್‌ಎಲ್ ಕಡೆಯವು. ಇವು ಸಿಗುತ್ತವೆ. ಸಿಗದಿರುವುದು 500ಇಗೇ ಮೀಸಲಾದವು: ಮುಂದಿನ ಮಡ್‌ಗಾರ್ಡ್, ಹಿಂದಿನ ಅಗಲದ ಕ್ವಾರ್ಟರ್ ಪ್ಯಾನೆಲ್, ಫಾಗ್ ಲ್ಯಾಂಪ್ ಕೂರುವ ಮುಂದಿನ ಬಂಪರ್. ಹಾಗಾಗಿ ಎಂಜಿನ್ ಸ್ವಲ್ಪ ಕೆಮ್ಮಿದರೂ ಬಾಡಿ ನೆಟ್ಟಗಿರುವ ಕಾರು, ಎಂಜಿನ್ ಹೊಸದಂತಿದ್ದು ಮಡ್‌ಗಾರ್ಡ್ ಟಿಂಕರಿಂಗ್ ಕಂಡ ಕಾರಿಗಿಂತ ಮೇಲು. ಕಾರಿನ ಪಕ್ಕದ ಪ್ಲಾಸ್ಟಿಕ್ ಹೊದಿಕೆಯನ್ನು ಬಿಚ್ಚಿಸಿಯೇ ನೋಡಬೇಕು. ಜಾಕ್ ಇಡುವ ಜಾಗದ ತುಕ್ಕು ಅದರ ಹಿಂದೆ ಅಡಗಿರುತ್ತದೆ. ಡಿಕ್ಕಿಯಲ್ಲಿ ಬ್ಯಾಟರಿ ಎತ್ತಿ ಅದರ ತಟ್ಟೆಯ ತಳವನ್ನೂ ನೋಡಿ. ಏಸಿ ತಂಪು ಕೊಡದಿದ್ದರೆ ಅನಿಲ ತುಂಬಿಸಿದರೆ ಸರಿಹೋಗುತ್ತದೆ ಎಂಬ ಮಾತನ್ನು ನಂಬಬೇಡಿ: ಈ ಮಾದರಿಯಲ್ಲಿ ಡ್ಯಾಶ್‌ಬೋರ್ಡಿನ ಒಳಗೆ ಗಾಳಿ ತಂಪು ಮಾಡುವ ಇವ್ಯಾಪರೇಟರ್ ಸೋರುವುದು ಸಾಮಾನ್ಯ, ಬದಲಿಸಲು ಇಡೀ ಡ್ಯಾಶ್‌ಬೋರ್ಡ್ ಹೊರಬರಬೇಕು.

ಓಡಿಸದೆ ನಿಲ್ಲಿಸುವವರಿಗೆ: ವಾರಕ್ಕೊಮ್ಮೆ ಐದು ನಿಮಿಷ ಎಂಜಿನ್ ಹೊತ್ತಿಸಿ ಆರಿಸುವ ಅಭ್ಯಾಸ ಒಳಿತಿಗಿಂತ ಕೆಡುಕನ್ನೇ ಮಾಡುತ್ತದೆ. ಆಯಿಲ್ ಪೂರ್ತಿ ಕಾಯುವುದಿಲ್ಲ, ತೇವ ಒಳಗೇ ಉಳಿಯುತ್ತದೆ. ಅದರ ಬದಲು ಎರಡು ಮೂರು ವಾರಕ್ಕೊಮ್ಮೆ ಅರ್ಧ ಗಂಟೆ ರಸ್ತೆಯ ಮೇಲೆ ಓಡಿಸಿ. ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ ಬದಲಿಸಿ, ಪೆಟ್ರೋಲ್ ಪೈಪುಗಳ ವಯಸ್ಸನ್ನು ಲೆಕ್ಕವಿಡಿ. ಬಿಸಿ ಎಂಜಿನ್ನಿನ ಮೇಲೆ ಸೋರುವ ಪೆಟ್ರೋಲ್ ಇಡೀ ಕಾರನ್ನೇ ಸುಡುತ್ತದೆ.

ಕೊನೆಗೆ ವಿಮೆ. ಸಾಮಾನ್ಯ ಪಾಲಿಸಿಯಲ್ಲಿ ಇದು ಬರೀ ಹಳೆಯ ಸೆಡಾನ್. ಸವಕಳಿ ಕಳೆದು ಸಿಗುವ ಮೊತ್ತಕ್ಕೆ ಒಂದು ಜೊತೆ ಮಡ್‌ಗಾರ್ಡೂ ಬರಲಿಕ್ಕಿಲ್ಲ. ಮೊದಲೇ ಒಪ್ಪಿಕೊಂಡ ಮೌಲ್ಯದ ಪಾಲಿಸಿ ಸಿಗುವ ಕಡೆ ಅದನ್ನೇ ಮಾಡಿಸಿ. ಅದಕ್ಕೆ ಚಾಸಿ ಮತ್ತು ಎಂಜಿನ್ ನಂಬರಿನ ಚಿತ್ರ, ಕಾರ್ಖಾನೆಯ ಡೇಟಾ ಕಾರ್ಡಿನ (ಕಾರಿನ ಮೂಲ ವಿವರಗಳ ಚೀಟಿ) ಪ್ರತಿ, ಹಾರ್ನೆಸ್ ಚೀಟಿಯ ಚಿತ್ರ, ಮಾಡಿಸಿದ ಕೆಲಸದ ಬಿಲ್ಲುಗಳನ್ನು ಲಗತ್ತಿಸಿ, ಒಂದು ಪ್ರತಿಯನ್ನು ಕಾರಿನಿಂದ ಹೊರಗೆ ಬೇರೆಡೆ ಇಡಿ.

ಇಂತಿ,
ಹಳೆಯ ಕಾರುಗಳ ದುರಸ್ತಿಯಲ್ಲಿ ತೊಡಗಿರುವ ಓದುಗರು