ಮಗಳಿಗೊಂದು ಪತ್ರ: ಕುರ್‌ಆನ್ ಓದುವಾಗ ಅವಸರ ಬೇಡ

ಪ್ರೀತಿಯ ಮಗಳೇ,

ಅಸ್ಸಲಾಮು ಅಲೈಕುಮ್. ಈ ರಮಳಾನಿನಲ್ಲಿ ಒಂದು ಖತ್ಮ್ (ಇಡೀ ಕುರ್‌ಆನಿನ ಒಂದು ಓದು) ಪೂರೈಸಬೇಕೆಂದು ನೀನು ನಿಶ್ಚಯಿಸಿರುವುದನ್ನು ತಿಳಿದು ಸಂತೋಷವಾಯಿತು. ಆದರೆ ಮೆಟ್ರೊದಲ್ಲಿ ಕೆಲಸಕ್ಕೆ ಹೋಗಿಬರುವ ಹೊತ್ತಿನಲ್ಲೇ ದಿನಕ್ಕೊಂದು ಜುಝ್ (ಕುರ್‌ಆನಿನ ಮೂವತ್ತು ಭಾಗಗಳಲ್ಲಿ ಒಂದು) ಮುಗಿಸಿಬಿಡಬಹುದೆಂದು ಬರೆದಿದ್ದೀಯಲ್ಲ, ಆ ಮಾತಿಗಾಗಿಯೇ ಈ ಪತ್ರ.

ಕುರ್‌ಆನಿನ 73ನೇ ಅಧ್ಯಾಯವಾದ ಅಲ್-ಮುಝ್ಝಮ್ಮಿಲ್‌ನ 4ನೇ ಸೂಕ್ತದಲ್ಲಿ, ಅದನ್ನು ನಿಧಾನವಾಗಿ, ಸ್ಪಷ್ಟವಾಗಿ ಓದಬೇಕೆಂಬ ಆಜ್ಞೆಯಿದೆ. ತರ್ತೀಲ್ ಎಂದು ನಿಮ್ಮ ಉಸ್ತಾದರು ಕಲಿಸಿದ್ದು ಇದನ್ನೇ. ಪ್ರವಾದಿಯವರು (ಸ) ಪ್ರತಿಯೊಂದು ಸೂಕ್ತದ ಕೊನೆಯಲ್ಲೂ ನಿಲ್ಲಿಸಿ ಓದುತ್ತಿದ್ದರೆಂದು ಅವರ ಪತ್ನಿ ಉಮ್ಮು ಸಲಮಾ (ರ) ಅವರು ಮೊದಲ ಅಧ್ಯಾಯವಾದ ಫಾತಿಹಾದ ಸಾಲುಗಳನ್ನೇ ಉದಾಹರಿಸಿ ವಿವರಿಸಿದ್ದಾರೆ. ಮೂರು ದಿನಕ್ಕಿಂತ ಕಡಿಮೆ ಅವಧಿಯಲ್ಲಿ ಇಡೀ ಕುರ್‌ಆನ್ ಓದಿ ಮುಗಿಸಿದವನು ಅದನ್ನು ಗ್ರಹಿಸಿರಲಾರನೆಂಬ ಹದೀಸ್ (ಪ್ರವಾದಿವಚನ) ಅಬೂ ದಾವೂದ್ ಮತ್ತು ತಿರ್ಮಿಝಿ ಸಂಗ್ರಹಗಳಲ್ಲಿದೆ. ರಮಳಾನ್ ಬಂತೆಂದರೆ ಎಷ್ಟು ಖತ್ಮ್ ಆಯಿತೆಂದು ಒಬ್ಬರನ್ನೊಬ್ಬರು ವಿಚಾರಿಸುವ ನಮ್ಮವರ ಅಭ್ಯಾಸ ನನಗೆಂದೂ ಹಿಡಿಸಿಲ್ಲ. ಅಕ್ಷರ ನುಂಗದೆ ಓದಿದ ಅರ್ಧ ಜುಝ್ ಸಾಕು.

ಹೆಣ್ಣುಮಕ್ಕಳಿಗಂತೂ ಈ ಮೂವತ್ತು ದಿನದ ಲೆಕ್ಕ ಹೊಂದುವುದೇ ಕಷ್ಟ. ಮುಟ್ಟಿನ ದಿನಗಳಲ್ಲಿ ಪಾರಾಯಣದ ಸಂಕಲ್ಪದಿಂದ ಓದುವುದನ್ನು ನಮ್ಮ ಶಾಫಿಈ ಮದ್‌ಹಬ್ (ಧರ್ಮಶಾಸ್ತ್ರದ ನಾಲ್ಕು ಪಂಥಗಳಲ್ಲಿ ಒಂದು) ಒಪ್ಪುವುದಿಲ್ಲ, ಹನಫಿಗಳೂ ಒಪ್ಪುವುದಿಲ್ಲ, ಮಾಲಿಕಿಗಳು ಅನುಮತಿಸುತ್ತಾರೆ. ದಿಕ್ರ್ (ದೇವಸ್ಮರಣೆ), ದುಆ (ಪ್ರಾರ್ಥನೆ), ಸ್ವಲಾತ್ (ಪ್ರವಾದಿಯವರಿಗಾಗಿ ಕೃಪೆ ಬೇಡುವುದು) ಇವುಗಳಿಗಾಗಲಿ, ಬೇರೆಯವರು ಓದುವುದನ್ನು ಕೇಳುವುದಕ್ಕಾಗಲಿ ಅಡ್ಡಿಯಿಲ್ಲ. ತಪ್ಪಿಹೋದ ದಿನಗಳ ಜುಝ್‌ಗಳನ್ನು ಉಳಿದ ದಿನಗಳಿಗೆ ತುರುಕಬೇಡ. ಖತ್ಮ್ ಮುಂದಿನ ತಿಂಗಳಾದ ಶವ್ವಾಲಿನಲ್ಲಿ ಮುಗಿದರೂ ಆಗುತ್ತದೆ.

ಮುಸ್‌ಹಫ್ (ಕುರ್‌ಆನಿನ ಗ್ರಂಥಪ್ರತಿ) ಮುಟ್ಟುವುದಕ್ಕೆ ವುಳೂ (ಮುಖ ಕೈಕಾಲು ತೊಳೆಯುವ ಅಂಗಶುದ್ಧಿ) ಬೇಕೆಂಬುದರಲ್ಲಿ ನಾಲ್ಕೂ ಮದ್‌ಹಬ್‌ಗಳು ಒಂದಾಗಿವೆ. ಕಂಠಪಾಠವಿದ್ದದ್ದನ್ನು ವುಳೂ ಇಲ್ಲದೆಯೂ ಓದಬಹುದು, ಇದ್ದರೆ ಉತ್ತಮ. ಫೋನಿನ ಪರದೆಗೆ ಮುಸ್‌ಹಫಿನ ವಿಧಿ ಅನ್ವಯಿಸುವುದಿಲ್ಲವೆಂದು ಈಗಿನ ಅನೇಕ ವಿದ್ವಾಂಸರು ಹೇಳುತ್ತಾರಾದ್ದರಿಂದ ಮೆಟ್ರೊದಲ್ಲಿ ಓದುವುದು ತಪ್ಪಲ್ಲ. ಆದರೆ ತುಟಿ ಅಲ್ಲಾಡಿಸದೆ ಬರೀ ಕಣ್ಣಾಡಿಸಿದರೆ ಅದು ತಿಲಾವತ್ (ಪಾರಾಯಣ) ಆಗುವುದಿಲ್ಲ. ಬಾಯಿ ಶುಚಿಯಾಗಿರಲಿ, ಸಾಧ್ಯವಾದಾಗ ಕಿಬ್ಲಾದ ಕಡೆಗೆ, ಎಂದರೆ ಕಅಬಾದ ದಿಕ್ಕಿಗೆ, ಮುಖ ಮಾಡಿ ಕೂತುಕೋ. ಸೈತಾನನಿಂದ ಅಲ್ಲಾಹನ ರಕ್ಷಣೆ ಬೇಡುವ ‘ಅಊದು’ ಹೇಳಿ ಆರಂಭಿಸು. ಅದು 16ನೇ ಅಧ್ಯಾಯದ 98ನೇ ಸೂಕ್ತದ ಸೂಚನೆ. ಒಂಬತ್ತನೆಯದಾದ ಅತ್ತೌಬಾವೊಂದನ್ನು ಬಿಟ್ಟು ಉಳಿದೆಲ್ಲ ಅಧ್ಯಾಯಗಳ ಮೊದಲಲ್ಲಿ ಬಿಸ್ಮಿ (ಅಲ್ಲಾಹನ ನಾಮದಿಂದ ತೊಡಗುವ ಸಾಲು) ಇದೆ.

ಇನ್ನು ಅಕ್ಷರಗಳ ವಿಷಯ. ನೀನು ಕೊಂಡಿರುವ, ಕನ್ನಡ ಲಿಪಿಯಲ್ಲಿ ಸೂರಃಗಳನ್ನು (ಅಧ್ಯಾಯಗಳನ್ನು) ಅಚ್ಚು ಹಾಕಿದ ಪುಸ್ತಕವನ್ನು ದಯವಿಟ್ಟು ಪಾರಾಯಣಕ್ಕೆ ಬಳಸಬೇಡ. ಸೀನ್, ಸ್ವಾದ್, ಸಾ ಎಂಬ ಮೂರು ಬೇರೆ ಬೇರೆ ಅಕ್ಷರಗಳಿಗೆ ಅಲ್ಲಿ ‘ಸ’ ಒಂದೇ ಇರುತ್ತದೆ. ಗಂಟಲಿನ ನಡುವಿನಿಂದ ಬರುವ ‘ಹಾ’ಕ್ಕೂ ತಳದಿಂದ ಬರುವ ‘ಹಾ’ಕ್ಕೂ ವ್ಯತ್ಯಾಸವೇ ಇರುವುದಿಲ್ಲ. ನಾಲಗೆಯ ಬುಡದಿಂದ ಹೊರಡಬೇಕಾದ ಖಾಫ್ ತುಸು ಮುಂದೆ ಸರಿದು ಕಾಫ್ ಆದರೆ, ಇಖ್ಲಾಸ್ ಅಧ್ಯಾಯದ ಮೊದಲ ಪದದಲ್ಲಿ ‘ಹೇಳು’ ಎಂಬುದು ‘ತಿನ್ನು’ ಎಂದಾಗುತ್ತದೆ.

ಫಾತಿಹಾದ ಕೊನೆಯ ಪದದಲ್ಲಿರುವ ‘ದ್ವಾದ್’ ನಿನಗೂ ನಿನ್ನ ಕೋಣೆಯ ಕಲಬುರಗಿಯ ಹುಡುಗಿಗೂ ಚರ್ಚೆ ಹುಟ್ಟಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಕರಾವಳಿಯ ನಾವು ಅದನ್ನು ‘ಳ’ದ ಹತ್ತಿರ ಎಳೆಯುತ್ತೇವೆ, ಆದ್ದರಿಂದಲೇ ನಮಗೆ ರಮಳಾನ್, ವುಳೂ, ಉರ್ದು ಮನೆಮಾತಿನವರು ‘ಝ’ದ ಕಡೆಗೆ ಒಯ್ಯುತ್ತಾರೆ. ತಜ್‌ವೀದಿನ (ಕುರ್‌ಆನ್ ಉಚ್ಚಾರ ನಿಯಮಗಳ) ಪ್ರಕಾರ ನಾಲಗೆಯ ಪಕ್ಕದ ಅಂಚು ಮೇಲಿನ ದವಡೆಹಲ್ಲುಗಳಿಗೆ ತಾಗಿ ದಪ್ಪವಾಗಿ ಹೊರಡಬೇಕಾದ ಧ್ವನಿ ಅದು, ಆದ್ದರಿಂದ ಇಬ್ಬರೂ ತಿದ್ದಿಕೊಳ್ಳಬೇಕಾದವರೇ. ಅದೇ ಪದದಲ್ಲಿ ‘ದ್ವಾ’ವನ್ನು ಆರು ಮಾತ್ರೆಗಳಷ್ಟು ಎಳೆಯಬೇಕು. ಬಿಸ್ಮಿ ಸೇರಿ ಫಾತಿಹಾದಲ್ಲಿ 14 ಶದ್ದ್‌ಗಳು (ಇಮ್ಮಡಿಯಾಗಿ ಒತ್ತಿ ಹೇಳುವ ಅಕ್ಷರಗಳು) ಇವೆಯೆಂದು ನಮ್ಮ ಇಮಾಮರು ಎಣಿಸಿದ್ದಾರೆ, ಒಂದನ್ನೂ ಸಡಿಲಿಸುವಂತಿಲ್ಲ. ಅವಸರದಲ್ಲಿ ‘ಇಯ್ಯಾಕ’ ಎಂಬುದು ‘ಇಯಾಕ’ ಆಗಿಬಿಡುವುದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ.

ನೂನ್ ಸಾಕಿನ್‌ನ (ಸ್ವರವಿಲ್ಲದ ‘ನ್’ ಅಕ್ಷರದ) ನಾಲ್ಕು ನಿಯಮಗಳು ನಿನಗೆ ಮದ್ರಸದಿಂದಲೇ ಬಾಯಿಪಾಠ, ಮತ್ತೆ ಬರೆಯುವುದಿಲ್ಲ. ನಿಲುಗಡೆಯ ಚಿಹ್ನೆಗಳನ್ನು ಮಾತ್ರ ಗಮನಿಸು. ಸಾಲಿನ ಮೇಲೆ ಪುಟ್ಟ ‘ಮೀಮ್’ ಇದ್ದಲ್ಲಿ ನಿಲ್ಲಲೇಬೇಕು, ಸೂಕ್ತದ ನಡುವೆ ‘ಲಾ’ ಇದ್ದಲ್ಲಿ ನಿಲ್ಲಬಾರದು. ಉಸಿರು ಸಾಲದೆ ನಿಂತರೆ ಒಂದೆರಡು ಪದ ಹಿಂದಕ್ಕೆ ಹೋಗಿ ಅರ್ಥ ಕೂಡುವಂತೆ ಓದು.

ಓದಿದಾಗ ಸಜ್‌ದಾ (ಸಾಷ್ಟಾಂಗ) ಮಾಡುವ ಸೂಕ್ತಗಳು ಹನಫಿಗಳಿಗೂ ನಮಗೂ ಹದಿನಾಲ್ಕೇ. ಅಲ್-ಹಜ್ಜ್ ಅಧ್ಯಾಯದಲ್ಲಿ ನಮಗೆ ಎರಡು, ಅವರಿಗೆ ಒಂದು. ಅವರು ಸ್ವಾದ್ ಅಧ್ಯಾಯದ್ದನ್ನು ಸೇರಿಸುತ್ತಾರೆ, ನಮಗೆ ಅದು ಕೃತಜ್ಞತೆಯ ಸಜ್‌ದಾ. ಈ ಸಜ್‌ದಾ ಅವರಿಗೆ ವಾಜಿಬ್ (ಕಡ್ಡಾಯ), ನಮಗೆ ಸುನ್ನತ್ (ಕಡ್ಡಾಯವಲ್ಲದ ಪುಣ್ಯಕಾರ್ಯ), ಆದ್ದರಿಂದ ಹನಫಿಯಾದ ನಿನ್ನ ಕೋಣೆಯ ಹುಡುಗಿ ಅದು ಕಡ್ಡಾಯವೆಂದದ್ದು ಅವಳ ಮಟ್ಟಿಗೆ ಸರಿ. ಸಜ್‌ದಾ ಬರುವ ಪುಟಗಳನ್ನು ಪ್ರಯಾಣದಲ್ಲಿ ಓದದೆ ಕೋಣೆಗೆ ಉಳಿಸಿಕೋ. ಅವಳು ನಮಾಝಿನಲ್ಲೋ ನಿದ್ದೆಯಲ್ಲೋ ಇರುವಾಗ ಧ್ವನಿ ಏರಿಸಬೇಡ. ಪಾರಾಯಣದಲ್ಲಿ ಒಬ್ಬರ ಮೇಲೊಬ್ಬರು ದನಿಯೆತ್ತುವುದನ್ನು ಪ್ರವಾದಿಯವರು (ಸ) ತಡೆದಿದ್ದಾರೆ.

ತಡವರಿಸುತ್ತ, ಕಷ್ಟಪಟ್ಟು ಓದುವವರಿಗೆ ಎರಡು ಪ್ರತಿಫಲವಿದೆಯೆಂದು ಆಯಿಶಾ (ರ) ಅವರಿಂದ ಬಂದ ಹದೀಸ್ ಬುಖಾರಿ, ಮುಸ್ಲಿಂ ಎಂಬ ಎರಡೂ ಸಂಗ್ರಹಗಳಲ್ಲಿ ಇರುವುದರಿಂದ ನಿಧಾನವಾಗುತ್ತದೆಂದು ನಾಚಿಕೊಳ್ಳಬೇಡ. ಈಜಿಪ್ಟಿನ ಕಾರೀ (ಪಾರಾಯಣಕಾರ) ಮಹಮೂದ್ ಖಲೀಲ್ ಅಲ್-ಹುಸರಿ ಅವರು 1961ರಲ್ಲಿ ಧ್ವನಿಮುದ್ರಿಸಿದ ಪೂರ್ಣ ಪಾರಾಯಣ ಫೋನಿನಲ್ಲೇ ಸಿಗುತ್ತದೆ. ಒಂದೊಂದು ಸೂಕ್ತ ಕೇಳಿ, ನಿಲ್ಲಿಸಿ, ಹಾಗೆಯೇ ಓದಿ ನೋಡು. ಆದರೆ ಧ್ವನಿಮುದ್ರಿಕೆ ನಿನ್ನ ತಪ್ಪನ್ನು ತಿದ್ದಲಾರದು. ಆದಕಾರಣ ಫಾತಿಹಾ ಮತ್ತು ಕೊನೆಯ ಹತ್ತು ಸೂರಃಗಳನ್ನು ರಮಳಾನಿಗೆ ಮುಂಚೆ ನಿನ್ನ ವಸತಿಯ ಬಳಿ ಕುರ್‌ಆನ್ ಕಲಿಸುವ ಉಸ್ತಾದಿನಿ ಯಾರಿಗಾದರೂ ಓದಿ ಒಪ್ಪಿಸು, ಸಿಗದಿದ್ದರೆ ಭಾನುವಾರ ನನಗೇ ಫೋನ್ ಮಾಡಿ ಓದು.

ವಸ್ಸಲಾಮ್,
ನಿನ್ನ ಉಮ್ಮ