ಗೋಲು ಬೀಳುವ ಮುಂಚೆಯೇ ಮೊಬೈಲ್ ಬಾಯಿಬಿಟ್ಟರೆ

ಮಾನ್ಯ ಸಂಪಾದಕರೇ,

ಫುಟ್‌ಬಾಲ್ ವಿಶ್ವಕಪ್ ಪಂದ್ಯ ನಡೆಯುತ್ತಿರುವಾಗ ನಿಮ್ಮ ಪತ್ರಿಕೆಯ ಆ್ಯಪ್ ಗೋಲಿನ ಸುದ್ದಿಯನ್ನು ಕೇಳದವರ ಮೊಬೈಲ್‌ಗೂ ಕಳಿಸುತ್ತದೆ. ದಯವಿಟ್ಟು ಅದನ್ನು ನಿಲ್ಲಿಸಿ. ಹೇಳಬೇಕಾದ್ದು ಮುಖ್ಯವಾಗಿ ಇಷ್ಟೇ. ಆದರೆ ಯಾಕೆ ಅಂತ ಹೇಳದಿದ್ದರೆ ಇವನಿಗೆ ಬೇರೆ ಕೆಲಸ ಇಲ್ಲವಾ ಅಂದುಕೊಳ್ಳುತ್ತೀರಿ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

2022ರ ಡಿಸೆಂಬರ್ 18. ಕತಾರ್‌ನ ಲುಸೈಲ್ ಕ್ರೀಡಾಂಗಣದಲ್ಲಿ ಅರ್ಜೆಂಟೀನಾ–ಫ್ರಾನ್ಸ್ ಫೈನಲ್. ಎಂಬತ್ತನೇ ನಿಮಿಷದ ಹೊತ್ತಿಗೆ ಅರ್ಜೆಂಟೀನಾ 2–0 ಮುಂದಿತ್ತು. ಫ್ರಾನ್ಸ್ ಕಥೆ ಮುಗಿಯಿತು ಅಂತ ನಾನು ಕಾಲು ಚಾಚಿ ಕೂತಿದ್ದೆ. ಆಗ ಫ್ರಾನ್ಸ್‌ಗೆ ಒಂದು ಪೆನಾಲ್ಟಿ ಸಿಕ್ಕಿತು. ಎಂಬಾಪೆ ಇನ್ನೂ ಚೆಂಡಿನ ಹಿಂದೆ ನಿಂತಿದ್ದಾನೆ, ಮೊಬೈಲ್ ಪರದೆಯ ಮೇಲ್ಗಡೆಯಿಂದ ಒಂದು ಪಟ್ಟಿ ಇಳಿಯಿತು: ಎಂಬಾಪೆ ಗೋಲು, 2–1. ಅವನಿನ್ನೂ ಒದ್ದೇ ಇಲ್ಲ! ಒದ್ದ, ಗೋಲಾಯಿತು, ನಾನು ಸುಮ್ನೆ ತಲೆಯಾಡಿಸಿದೆ. ಆಟ ಮತ್ತೆ ಶುರುವಾಗಿ ಚೆಂಡು ಎಲ್ಲೋ ಮಧ್ಯದಲ್ಲಿ ಓಡಾಡುತ್ತಿರುವಾಗ ಇನ್ನೊಂದು ಪಟ್ಟಿ: 2–2. ಎರಡು ಗೋಲುಗಳ ನಡುವೆ ಇದ್ದದ್ದು 97 ಸೆಕೆಂಡ್. ಅಂಥ ಒಂದೂವರೆ ನಿಮಿಷ ನನ್ನ ಜೀವಮಾನದಲ್ಲಿ ಇನ್ನೊಮ್ಮೆ ಬರುತ್ತೋ ಇಲ್ಲವೋ. ಬಂದಾಗ ನಾನು ಅದನ್ನು ಹಳೇ ಸುದ್ದಿಯ ಥರ ನೋಡಿದೆ.

ಇದು ಯಾಕೆ ಹೀಗೆ ಅಂತ ಆಮೇಲೆ ತಿಳಿದುಕೊಂಡೆ. ಮೊಬೈಲ್‌ನಲ್ಲಿ ನಾವು 'ಲೈವ್' ಅಂತ ನೋಡುವುದು ನಿಜವಾಗಿ ಲೈವ್ ಅಲ್ಲ. ಕ್ಯಾಮೆರಾದಿಂದ ಬಂದ ವಿಡಿಯೊವನ್ನು ಕೆಲವು ಸೆಕೆಂಡ್‌ಗಳ ಸಣ್ಣ ಸಣ್ಣ ತುಂಡುಗಳಾಗಿ ಕತ್ತರಿಸುತ್ತಾರೆ. ಒಂದೊಂದು ತುಂಡನ್ನೂ ದಪ್ಪ, ತೆಳು ಅಂತ ನಾಲ್ಕೈದು ಗುಣಮಟ್ಟದಲ್ಲಿ ತಯಾರು ಮಾಡಿ, ಬೇರೆ ಬೇರೆ ಊರುಗಳ ಸರ್ವರ್‌ಗಳಿಗೆ ಕಳಿಸಿ, ಅಲ್ಲಿಂದ ನಮ್ಮ ಮೊಬೈಲ್‌ಗೆ ಬಿಡುತ್ತಾರೆ. ಮಧ್ಯೆ ಚಿತ್ರ ನಿಂತು ಚಕ್ರ ತಿರುಗಬಾರದು ಅಂತ ನಮ್ಮ ಮೊಬೈಲ್ ತಾನೂ ಮೂರ್ನಾಲ್ಕು ತುಂಡು ಕೂಡಿಟ್ಟುಕೊಂಡೇ ತೋರಿಸಲು ಶುರುಮಾಡುತ್ತದೆ. ಇದೆಲ್ಲ ಸೇರಿ ಅರ್ಧ ನಿಮಿಷ ಹಿಂದೆ ಬೀಳುವುದು ಮಾಮೂಲು, ಕೆಲವೊಮ್ಮೆ ಒಂದು ನಿಮಿಷವೂ ಆಗುತ್ತದೆ. ಗೋಲಿನ ಸುದ್ದಿಗೆ ಈ ರಗಳೆ ಯಾವುದೂ ಇಲ್ಲ. ಕ್ರೀಡಾಂಗಣದಲ್ಲಿ ಕೂತವರೊಬ್ಬರು ಗುಂಡಿ ಒತ್ತುತ್ತಾರೆ, ಒಂದು ಸಾಲು ಅಕ್ಷರ, ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ನಮ್ಮ ಜೇಬಿಗೆ ಬಂದು ಬೀಳುತ್ತದೆ. ಚಿತ್ರ ಎತ್ತಿನಗಾಡಿಯಲ್ಲಿ ಬಂದರೆ ಸುದ್ದಿ ಕುದುರೆ ಏರಿ ಬರುತ್ತದೆ. ಯಾರ ತಪ್ಪೂ ಇಲ್ಲ, ಸರಿ. ಆದರೆ ಇದನ್ನು ತಿಳಿದೂ ಕುದುರೆಯನ್ನು ನಮ್ಮ ಮನೆಗೆ ಓಡಿಸುವವರದ್ದು ಸ್ವಲ್ಪ ತಪ್ಪು ಅಲ್ವಾ?

ನಾನೂ ನಮ್ಮಣ್ಣನೂ ಬೇರೆ ಬೇರೆ ಊರಲ್ಲಿದ್ದುಕೊಂಡು ಫೋನ್ ಹಚ್ಚಿ ಪಂದ್ಯ ನೋಡುತ್ತೇವೆ. ಮೊದಮೊದಲು ಅವನು ಕೂಗಿದ ಮೇಲೆ ನನಗೆ ಗೋಲು ಕಾಣುತ್ತಿತ್ತು, ಜಗಳವೇ ಆಗುತ್ತಿತ್ತು. ಈಗ ಒಂದು ಉಪಾಯ ಮಾಡಿಕೊಂಡಿದ್ದೇವೆ. ಪರದೆಯ ಮೂಲೆಯಲ್ಲಿ ಪಂದ್ಯದ ಗಡಿಯಾರ ಇರುತ್ತದಲ್ಲ, 'ನಿಂದು ಎಷ್ಟು ತೋರಿಸ್ತಿದೆ?' ಅಂತ ಕೇಳಿಕೊಳ್ಳುವುದು. ಯಾರು ಮುಂದಿದ್ದಾರೋ ಅವರು ಒಂದಷ್ಟು ಸೆಕೆಂಡ್ ನಿಲ್ಲಿಸುವುದು. ಅಣ್ಣನದ್ದು ಯಾವಾಗಲೂ ಮುಂದೆ, ಅವನು ಟಿವಿಯಲ್ಲಿ ನೋಡುವವನು. ನನಗಾಗಿ ನಿಲ್ಲಿಸಬೇಕಲ್ಲ ಅಂತ ಗೊಣಗುತ್ತಾನೆ, ಆದರೂ ನಿಲ್ಲಿಸುತ್ತಾನೆ. ಅಣ್ಣನಿಗೆ ಇರುವಷ್ಟು ಕರುಣೆ ಆ್ಯಪ್‌ಗಳಿಗೆ ಇಲ್ಲ, ಅಷ್ಟೇ.

ಹಾಗಂತ ಮೊಬೈಲ್ ಎತ್ತಿಡಿ, ಮೊದಲಿನ ಕಾಲವೇ ಚೆನ್ನಾಗಿತ್ತು ಅನ್ನುವವನು ನಾನಲ್ಲ. ಅದೇ ಕತಾರ್ ವಿಶ್ವಕಪ್‌ನಲ್ಲಿ ಡಿಸೆಂಬರ್ 2ರಂದು ದಕ್ಷಿಣ ಕೊರಿಯಾ ಪೋರ್ಚುಗಲ್ ತಂಡವನ್ನು 2–1ರಿಂದ ಸೋಲಿಸಿತು. ಗೆಲುವಿನ ಗೋಲು ಬಂದದ್ದು 90 ನಿಮಿಷ ಮುಗಿದ ಮೇಲೆ, ಹ್ವಾಂಗ್ ಹೀ-ಚಾನ್ ಕಾಲಿನಿಂದ. ಆದರೆ ಗೆದ್ದರೂ ಮುಂದೆ ಹೋಗುವುದು ಖಾತ್ರಿ ಇರಲಿಲ್ಲ. ಇನ್ನೊಂದು ಮೈದಾನದಲ್ಲಿ ಅದೇ ಗುಂಪಿನ ಉರುಗ್ವೆ ಘಾನಾ ಮೇಲೆ 2–0 ಮುಂದಿತ್ತು, ಆಟ ಇನ್ನೂ ನಡೆಯುತ್ತಿತ್ತು. ಉರುಗ್ವೆ ಇನ್ನೊಂದೇ ಒಂದು ಗೋಲು ಹೊಡೆದರೂ ಕೊರಿಯಾ ಗಂಟುಮೂಟೆ ಕಟ್ಟಬೇಕು. ಆಗ ಕೊರಿಯಾದ ಆಟಗಾರರು ಏನು ಮಾಡಿದರು ಗೊತ್ತಾ, ಮೈದಾನದ ನಡುವೆಯೇ ಗುಂಪಾಗಿ ನಿಂತು, ಒಂದು ಮೊಬೈಲ್ ಹಿಡಿದು ಆ ಪಂದ್ಯ ಮುಗಿಯುವುದನ್ನು ಕಾದರು. ವಿಶ್ವಕಪ್ ಆಡುವವರೇ ನಮ್ಮ ಹಾಗೆ ಮೊಬೈಲ್‌ಗೆ ಕಣ್ಣು ನೆಟ್ಟು ನಿಂತಿದ್ದರು! ಕೊರಿಯಾ, ಉರುಗ್ವೆ ಎರಡೂ ತಂಡಕ್ಕೆ 4 ಪಾಯಿಂಟ್, ಗೋಲಿನ ಅಂತರವೂ ಸಮ. ಕೊನೆಗೆ ಹೆಚ್ಚು ಗೋಲು ಹೊಡೆದದ್ದಕ್ಕೆ ಕೊರಿಯಾ ಮುಂದೆ ಹೋಯಿತು. ಆ ಚಿತ್ರ ನೋಡಿದಾಗೆಲ್ಲ ನನಗೆ ಅನಿಸುತ್ತದೆ, ಮೊಬೈಲ್ ಇದಕ್ಕೇ ಇರಬೇಕಾದ್ದು. ನಮ್ಮ ಕಣ್ಣಿಗೆ ಸಿಗದ ಇನ್ನೊಂದು ಮೈದಾನವನ್ನು ತೋರಿಸುವುದಕ್ಕೆ.

ಗುಂಪಿನ ಕೊನೇ ಪಂದ್ಯಗಳು ಒಂದೇ ಹೊತ್ತಿಗೆ ನಡೆಯುವುದಕ್ಕೂ ಒಂದು ಹಿನ್ನೆಲೆ ಇದೆ. 1982ರಲ್ಲಿ ಸ್ಪೇನ್‌ನ ಹಿಹೋನ್ ಊರಲ್ಲಿ ಪಶ್ಚಿಮ ಜರ್ಮನಿ ಮತ್ತು ಆಸ್ಟ್ರಿಯಾ ಆಡಿದವು. ಅದೇ ಗುಂಪಿನ ಅಲ್ಜೀರಿಯಾದ ಪಂದ್ಯ ಹಿಂದಿನ ದಿನವೇ ಮುಗಿದಿತ್ತು, ಹಾಗಾಗಿ ಎಷ್ಟು ಗೋಲಿನಲ್ಲಿ ಮುಗಿದರೆ ತಾವಿಬ್ಬರೂ ಮುಂದೆ ಹೋಗಬಹುದು ಅಂತ ಇವರಿಗೆ ಮೊದಲೇ ಗೊತ್ತಿತ್ತು. ಜರ್ಮನಿ ಹತ್ತನೇ ನಿಮಿಷಕ್ಕೆ ಒಂದು ಗೋಲು ಹೊಡೆಯಿತು, ಆಮೇಲೆ ಇಬ್ಬರೂ ಚೆಂಡನ್ನು ಅತ್ತಿತ್ತ ತಳ್ಳಿಕೊಂಡು ಹೊತ್ತು ಕಳೆದರು. ಅಲ್ಜೀರಿಯಾ ಹೊರಗೆ. 1986ರಿಂದ ಕೊನೇ ಎರಡು ಪಂದ್ಯ ಒಟ್ಟಿಗೇ ಶುರುವಾಗುತ್ತವೆ. ಒಂದನ್ನು ಟಿವಿಯಲ್ಲಿ, ಇನ್ನೊಂದನ್ನು ಮೊಬೈಲ್‌ನಲ್ಲಿ ಇಟ್ಟುಕೊಂಡು, ನಡುವೆ ಪಾಯಿಂಟ್ ಪಟ್ಟಿ ಮೇಲೆ ಕೆಳಗೆ ಆಗುವುದನ್ನು ನೋಡುವ ಸುಖ ನಮಗೆ ಸಿಕ್ಕಿದ್ದು ಹೀಗೆ. 2018ರಲ್ಲಿ ಜಪಾನ್ ಪೋಲೆಂಡ್ ಎದುರು 0–1 ಹಿಂದಿದ್ದರೂ ಕೊನೇ ಹತ್ತು ನಿಮಿಷ ಚೆಂಡನ್ನು ಸುಮ್ನೆ ಪಾಸ್ ಮಾಡಿಕೊಂಡು ನಿಂತಿತಲ್ಲ, ಪಟ್ಟಿ ನೋಡದವರಿಗೆ ಅದು ಹುಚ್ಚಾಟ. ಪಟ್ಟಿ ನೋಡಿದವರಿಗೆ ಗೊತ್ತಿತ್ತು, ಅತ್ತ ಸೆನೆಗಲ್ ಕೂಡ ಸೋಲುತ್ತಿದೆ, ಇಬ್ಬರಿಗೂ ಪಾಯಿಂಟ್, ಗೋಲು ಎಲ್ಲ ಸಮ, ಆದರೆ ಹಳದಿ ಕಾರ್ಡ್ ಜಪಾನ್‌ಗೆ 4, ಸೆನೆಗಲ್‌ಗೆ 6. ಕಾರ್ಡ್ ಲೆಕ್ಕದಲ್ಲೇ ಜಪಾನ್ ಮುಂದೆ ಹೋಯಿತು.

2026ರಿಂದ ಈ ಲೆಕ್ಕ ಇನ್ನೂ ಜಟಿಲ. ತಂಡ 32 ಇದ್ದದ್ದು 48, ಪಂದ್ಯ 64 ಇದ್ದದ್ದು 104. ಹನ್ನೆರಡು ಗುಂಪು. ಪ್ರತಿ ಗುಂಪಿನಲ್ಲಿ ಮೊದಲೆರಡು ತಂಡ ಮುಂದೆ ಹೋಗುವುದು ಸರಿ, ಜೊತೆಗೆ ಮೂರನೇ ಸ್ಥಾನದ ಹನ್ನೆರಡರಲ್ಲಿ ಎಂಟಕ್ಕೂ ಅವಕಾಶ. ಯಾವ ಎಂಟು ಗುಂಪಿನಿಂದ ಅನ್ನುವುದಕ್ಕೇ 495 ಸಾಧ್ಯತೆ ಇದೆ, ಯಾರಿಗೆ ಯಾರು ಎದುರಾಳಿ ಅನ್ನುವುದು ಅದರ ಮೇಲೆ ನಿಂತಿದೆ. ಇದನ್ನು ಕೈಬೆರಳಲ್ಲಿ ಎಣಿಸಲು ಹೋದರೆ ಟೂರ್ನಿಯೇ ಮುಗಿದಿರುತ್ತದೆ. ಅಂಕಿ ಹಾಕಿ ನೋಡಿ ಅನ್ನುವ ಆ್ಯಪ್‌ಗಳು ಇಲ್ಲಿ ದೇವರು. ನಿಮ್ಮ ಜಾಲತಾಣದಲ್ಲಿ ಇಂಥದ್ದೊಂದು ಕನ್ನಡದಲ್ಲಿ ಮಾಡಿದರೆ ಗೋಲಿನ ಸುದ್ದಿ ಕಳಿಸುವುದಕ್ಕಿಂತ ನೂರು ಪಾಲು ಪುಣ್ಯ ಬರುತ್ತದೆ.

ಇನ್ನೊಂದು ಚಟದ ಬಗ್ಗೆ ಹೇಳಬೇಕು, ಸ್ಕ್ರೀನ್‌ಶಾಟ್. 2022ರ ಜಪಾನ್–ಸ್ಪೇನ್ ಪಂದ್ಯದಲ್ಲಿ ಜಪಾನ್‌ನ ಮಿತೊಮಾ ಚೆಂಡನ್ನು ಗೆರೆಯ ಹತ್ತಿರದಿಂದ ಒಳಗೆ ತಳ್ಳಿದ, ಅದರಿಂದ ಗೋಲು ಬಂತು, ಜಪಾನ್ ಗೆದ್ದಿತು, ಜರ್ಮನಿ ಹೊರಬಿತ್ತು. ನಿಮಿಷದೊಳಗೆ ಎಲ್ಲ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದೇ ಫೋಟೊ: ಚೆಂಡಿಗೂ ಗೆರೆಗೂ ನಡುವೆ ಹಸಿರು ಹುಲ್ಲು ಕಾಣುತ್ತಿದೆ, ಚೆಂಡು ಆಗಲೇ ಹೊರಗೆ ಹೋಗಿತ್ತು, ಮೋಸ ಮೋಸ! ನಾನೂ ಮೂರು ಜನಕ್ಕೆ ಕಳಿಸಿದ್ದೆ, ಒಪ್ಪಿಕೊಳ್ಳುತ್ತೇನೆ. ಚೆಂಡು ಗುಂಡಗಿದೆ ಅನ್ನುವುದು ನೆನಪಿಗೆ ಬರಲಿಲ್ಲ. ನೆಲ ಮುಟ್ಟಿದ ಜಾಗ ಗೆರೆಯ ಆಚೆ ಇದ್ದರೂ ಚೆಂಡಿನ ಹೊಟ್ಟೆ ಗೆರೆಯ ಮೇಲೆ ಬಾಗಿರಬಹುದು, ಮೇಲಿನಿಂದ ನೋಡಿದರೆ ಮಾತ್ರ ಗೊತ್ತಾಗುತ್ತದೆ. ಮರುದಿನ ಫಿಫಾ ಬೇರೆ ಕೋನದ ಚಿತ್ರಗಳನ್ನು ತೋರಿಸಿತು, ಎರಡು ಮಿಲಿಮೀಟರ್‌ಗೂ ಕಡಿಮೆ ಅಂತರದಲ್ಲಿ ಚೆಂಡು ಒಳಗಿತ್ತು. ಆ ವಿಶ್ವಕಪ್‌ನ ಚೆಂಡಿನೊಳಗೆ ಸೆನ್ಸರ್ ಇತ್ತು, ಸೆಕೆಂಡಿಗೆ 500 ಸಲ ಮಾಹಿತಿ ಕಳಿಸುತ್ತಿತ್ತು. ಚಾವಣಿಯ ಕೆಳಗಿದ್ದ 12 ಕ್ಯಾಮೆರಾಗಳು ಒಬ್ಬೊಬ್ಬ ಆಟಗಾರನ ಮೈಮೇಲೆ 29 ಬಿಂದು ಗುರುತಿಸಿ ಸೆಕೆಂಡಿಗೆ 50 ಸಲ ಅಳೆಯುತ್ತಿದ್ದವು. ಇಷ್ಟೆಲ್ಲ ಇರುವಾಗ ನನ್ನ ಮಸುಕು ಸ್ಕ್ರೀನ್‌ಶಾಟ್ ಯಾರಿಗೆ ಬೇಕು? ಆದರೆ ಪತ್ರಿಕೆಗಳೂ ಅದೇ ಫೋಟೊ ಹಾಕಿ 'ನೆಟ್ಟಿಗರ ಆಕ್ರೋಶ' ಅಂತ ಬರೆಯುತ್ತವಲ್ಲ, ಅದನ್ನು ಏನನ್ನಬೇಕೋ ನೀವೇ ಹೇಳಿ.

ಎಕ್ಸ್‌ಜಿ (ಹೊಡೆತಗಳ ಲೆಕ್ಕದಲ್ಲಿ ಎಷ್ಟು ಗೋಲು ಬರಬೇಕಿತ್ತು ಅನ್ನುವ ಅಂದಾಜು), ಗೆಲುವಿನ ಶೇಕಡಾವಾರು ಸಾಧ್ಯತೆ, ಈ ಅಂಕಿಗಳೆಲ್ಲ ಇರಲಿ, ಬೇಕಾದವರು ನೋಡುತ್ತಾರೆ. ಪಂದ್ಯ ಮುಗಿದ ಮೇಲೆ ನೋಡಿದರೆ ಚೆನ್ನ. ಆಡುತ್ತಿರುವಾಗ ಅದನ್ನೇ ನೋಡುತ್ತಾ ಕೂತರೆ ಆಟ ನೋಡುವುದು ಯಾವಾಗ?

ಬೆಳಗ್ಗೆ ಎದ್ದು ಪಂದ್ಯ ನೋಡುವವರ ಪಾಡು ಇನ್ನೂ ಕಷ್ಟ. ರಾತ್ರಿ ಕಾಯಲಾಗದೆ ಮಲಗಿರುತ್ತೇವೆ, ಫಲಿತಾಂಶ ತಿಳಿಯದೆ ಪೂರ್ತಿ ಪಂದ್ಯ ನೋಡೋಣ ಅಂತ ಆಸೆ. ಸುದ್ದಿಯ ಕಡೆ ಕಣ್ಣು ಹಾಯಿಸದೆ ಹುಷಾರಾಗಿ ಆ್ಯಪ್ ತೆರೆದರೆ, ಕಪ್ ಎತ್ತಿದವನ ಫೋಟೊವನ್ನೇ ಮುಖಪುಟಕ್ಕೆ ಹಚ್ಚಿರುತ್ತಾರೆ. ಅದನ್ನು ದಾಟಿ ವಿಡಿಯೊ ತೆರೆದರೆ ಅದರ ಉದ್ದವೇ ಚಾಡಿ ಹೇಳುತ್ತದೆ. ಮೂರು ಗಂಟೆ ಹತ್ತಿರ ಇದ್ದರೆ ಹೆಚ್ಚುವರಿ ಸಮಯಕ್ಕೆ ಹೋಗಿದೆ ಅಂತ ಮೊದಲ ನಿಮಿಷಕ್ಕೇ ತಿಳಿಯಿತು. ಇದಕ್ಕೆ ನಾನು ಕಂಡುಕೊಂಡ ಮದ್ದು, ಉದ್ದ ತೋರಿಸುವ ಕೆಳಗಿನ ಆ ಪಟ್ಟಿಯ ಮೇಲೆ ಹೆಬ್ಬೆರಳು ಇಟ್ಟುಕೊಂಡೇ ವಿಡಿಯೊ ತೆರೆಯುವುದು. ನಗಬೇಡಿ.

ಹೊತ್ತಿನ ವಿಷಯದಲ್ಲಿ ನಿಮ್ಮ ಪತ್ರಿಕೆಯ ಮೇಲೆ ನನಗೊಂದು ಹಳೇ ಸಿಟ್ಟಿದೆ. 'ಶನಿವಾರ ರಾತ್ರಿ 12.30ಕ್ಕೆ' ಅಂತ ಅಚ್ಚು ಹಾಕಿದರೆ ಅದು ಶನಿವಾರ ಹುಟ್ಟುವ ಹೊತ್ತೋ, ಮುಗಿದ ಹೊತ್ತೋ? ಒಂದು ಕ್ವಾರ್ಟರ್ ಫೈನಲ್‌ಗೆ ನಾನು ಸರಿಯಾಗಿ 24 ಗಂಟೆ ತಡವಾಗಿ ಟಿವಿ ಮುಂದೆ ಕೂತಿದ್ದೇನೆ. 2026ರ ವಿಶ್ವಕಪ್ಪನ್ನು ಅಮೆರಿಕ, ಕೆನಡಾ, ಮೆಕ್ಸಿಕೊ ಮೂರೂ ಸೇರಿ 16 ನಗರಗಳಲ್ಲಿ ಆಡಿಸುವಾಗ ಅಲ್ಲಿನ ಗಡಿಯಾರಗಳೇ ನಾಲ್ಕು ಥರ ಇವೆ. ಪಂದ್ಯದ ವೇಳಾಪಟ್ಟಿಯನ್ನು ಮೊಬೈಲ್ ಕ್ಯಾಲೆಂಡರ್‌ಗೆ ಸೇರಿಸುವ ಕೊಂಡಿ ಕೊಟ್ಟರೆ ಆಯಿತು, ಮೊಬೈಲ್ ತಾನೇ ನಮ್ಮ ಹೊತ್ತಿಗೆ ತಿರುಗಿಸಿಕೊಳ್ಳುತ್ತದೆ, ಅರ್ಧ ಗಂಟೆ ಮುಂಚೆ ಎಬ್ಬಿಸುತ್ತದೆ. ಇದು ನಿಮಗೆ ಒಂದು ದಿನದ ಕೆಲಸವೂ ಅಲ್ಲ.

ಹಾಗೆಯೇ ಸೂಚನೆ ಕಳಿಸಲೇಬೇಕು ಅಂತಿದ್ದರೆ 'ಪಂದ್ಯ ಮುಗಿದಿದೆ, ಫಲಿತಾಂಶಕ್ಕೆ ಇಲ್ಲಿ ಒತ್ತಿ' ಅಂತ ಕಳಿಸಿ. ಗೋಲು ಗೋಲಿಗೂ ಬೇಕು ಅನ್ನುವವರು ತಾವೇ ಕೇಳಿ ಹಾಕಿಸಿಕೊಳ್ಳಲಿ.

ಕೊನೆಗೊಂದು ಬೇಡಿಕೆ, ಇದು ಕಾಗದದ್ದು. ಮೊದಲೆಲ್ಲ ವಿಶ್ವಕಪ್‌ಗೆ ಮುಂಚೆ ಇಡೀ ಪುಟದ ಚಾರ್ಟ್ ಬರುತ್ತಿತ್ತು, ಖಾಲಿ ಚೌಕಗಳಲ್ಲಿ ನಾವೇ ಅಂಕಿ ತುಂಬಬೇಕು. ಅದನ್ನು ಬಿಡಬೇಡಿ. ನಾನು ಈಗಲೂ ಗೋಡೆಗೆ ಅಂಟಿಸಿ ಪೆನ್ಸಿಲ್‌ನಲ್ಲೇ ತುಂಬುತ್ತೇನೆ. ಪೆನ್ನು ಹಿಡಿಯುವುದನ್ನು ಬಿಟ್ಟಿದ್ದು 2022ರಲ್ಲಿ, ಸೌದಿ ಅರೇಬಿಯಾ ಎದುರು ಅರ್ಜೆಂಟೀನಾದ ಮೂರು ಗೋಲು ಮೊದಲರ್ಧದಲ್ಲೇ ಆಫ್‌ಸೈಡ್ ಅಂತ ರದ್ದಾದ ದಿನ. ಚೌಕಗಳು ಮಾತ್ರ ಸ್ವಲ್ಪ ದೊಡ್ಡದಾಗಿರಲಿ. ಆ ಫೈನಲ್‌ನ 3–3, ಪೆನಾಲ್ಟಿಯಲ್ಲಿ 4–2, ಇಷ್ಟನ್ನೂ ಒಂದೇ ಚೌಕದಲ್ಲಿ ತುರುಕಿ ಬರೆಯಬೇಕಾಯಿತು.

ಇಂತಿ,
ನಿಮ್ಮ ಹಳೇ ಓದುಗ